ಒಂದು ಲೋಟ ಮೈದಾ ಎಷ್ಟು ತೂಗುತ್ತದೆ?

ನಾಲಿಗೆ ಒಂದು ಚೂರು ಜಾರಿದ್ದಕ್ಕೆ ಇನ್ಸ್‌ಪೆಕ್ಟರು ಭಾನುವಾರ ಬೆಳಗ್ಗೆ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಅಡುಗೆಮನೆಯಲ್ಲಿ ನಿಲ್ಲಬೇಕಾಯಿತು. ಆಫೀಸಿನಲ್ಲಿ ಯಾರದೋ ಬೀಳ್ಕೊಡುಗೆಯ ಕೇಕು ತಿನ್ನುತ್ತ ಸಾಹೇಬರು, "ಮನೇಲಿ ಮಾಡಿದ ಕೇಕಿನ ರುಚೀನೇ ಬೇರೆ" ಎಂದಿದ್ದರು. "ನಾನು ಮಾಡ್ತಾನೇ ಇರ್ತೀನಿ ಸಾರ್" ಎಂದುಬಿಟ್ಟಿದ್ದರು ಇವರು. ಬಡ್ತಿ ಸಾಹೇಬರ ಕೈಯಲ್ಲಿರುವಾಗ ಮನುಷ್ಯ ಇದಕ್ಕಿಂತ ದೊಡ್ಡ ಸುಳ್ಳನ್ನೂ ಹೇಳುತ್ತಾನೆ.

"ಹಾಗಾದ್ರೆ ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಬಡ್ತಿ ವಿಷಯಾನೂ ಮಾತಾಡೋಣ."

ಹೆಂಡತಿ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಳು. "ಹೇಳಿದವರೇ ಮಾಡಲಿ."

ಕೇಕು ಮಾಡುವ ವಿಧಾನವಿದ್ದ ಪತ್ರಿಕೆಯ ಪುಟದಲ್ಲಿ 'ಮೈದಾ ಮುನ್ನೂರು ಗ್ರಾಂ' ಎಂದಿತ್ತು. ಮನೆಯಲ್ಲಿದ್ದದ್ದು ಕಾಲು ಲೀಟರಿನ ಲೋಟ.

"ಕಾಲು ಲೀಟರ್ ಅಂದ್ರೆ ಇನ್ನೂರೈವತ್ತು ಗ್ರಾಂ. ಒಂದು ಲೋಟ, ಮೇಲೊಂದು ಹಿಡಿ. ಆಯ್ತಲ್ಲ!"

"ಅದು ನೀರಿಗೆ ಕಣ್ರೀ."

"ಒಳಗಿರೋದು ನೀರೋ ಹಿಟ್ಟೋ, ಲೋಟಕ್ಕೇನು ಗೊತ್ತು?"

ಲೋಟಕ್ಕೆ ಗೊತ್ತಿರಲಿಲ್ಲ. ಓವನ್ನಿಗೆ ಗೊತ್ತಿತ್ತು. ಹೊರಬಂದ ಕೇಕು ದಪ್ಪನೆಯ ನೆಂಟರು ಕೂತೆದ್ದ ದಿಂಬಿನಂತೆ ನಡುವೆ ಕುಸಿದಿತ್ತು. ಚುಚ್ಚಿ ನೋಡಲು ಇಟ್ಟ ಚಮಚ ಮುಳುಗಿಯೇ ಹೋಯಿತು.

ವಾಸನೆ ಹಿಡಿದು ಮಹಡಿ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಇಳಿದುಬಂದರು. ಕರೆಯದಿದ್ದರೂ ಬರುವುದು ಅವರ ದೊಡ್ಡಗುಣ.

"ಏನ್ರೀ ಇದು, ಹಿಟ್ಟಲ್ಲಿ ಗಾಳಿ ಇರಲ್ವೇ? ಸಡಿಲವಾಗಿ ತುಂಬಿದ್ರೆ ಒಂದು ತೂಕ, ಒತ್ತಿ ತುಂಬಿದ್ರೆ ಇನ್ನೊಂದು. ಜರಡಿ ಹಿಡೀರಿ, ಲೋಟ ತುಂಬಿ, ಚಾಕುವಿನ ಬೆನ್ನಲ್ಲಿ ಮೇಲೆ ಸವರಿ. ಆ ಒಂದು ಲೋಟ ಎಲ್ಲಾದ್ರೂ ತೂಗಿಸ್ಕೊಂಡು ಬನ್ನಿ."

"ಉಳಿದಿರೋದು ನಾಲ್ಕೇ ಮೊಟ್ಟೆ," ಎಂದಳು ಹೆಂಡತಿ. "ಇದೂ ಕೆಟ್ರೆ ನಿಮ್ಮ ಸಾಹೇಬ್ರಿಗೆ ಬರೀ ತಟ್ಟೆ."

ಇನ್ಸ್‌ಪೆಕ್ಟರು ಹಿಟ್ಟನ್ನು ಚೀಲಕ್ಕೆ ಸುರಿದು, ಹಸುಗೂಸಿನಂತೆ ಎದೆಗವಚಿಕೊಂಡು ಗುಜರಿ ಅಂಗಡಿಗೆ ಓಡಿದರು. ಇವರನ್ನು ಕಂಡದ್ದೇ ಗುಜರಿಯವನು ಧಡಕ್ಕನೆ ಎದ್ದು ನಿಂತ.

"ಸಾರ್... ಇವತ್ತು ರಜಾ ಅಲ್ವಾ ಸಾರ್?"

"ಹಿಟ್ಟು ತೂಗಯ್ಯಾ ಸುಮ್ನೆ."

ತಕ್ಕಡಿ ನೂರು ಗ್ರಾಂ ತೋರಿಸಿತು. ಯಾಕೋ ನಂಬಿಕೆ ಬಾರದೆ ಪಕ್ಕದ ತರಕಾರಿ ಅಂಗಡಿಗೆ ಹೋದರು. ತರಕಾರಿಯವಳು ಸ್ಟೂಲು ಒರೆಸಿ ಕೊಟ್ಟಳು, ಕೇಳದೆಯೇ ಟೀ ತರಿಸಿದಳು. ಅಲ್ಲಿ ಅದೇ ಹಿಟ್ಟು ನೂರೈವತ್ತು!

"ದಾರೀಲಿ ಮರಿ ಹಾಕ್ತೇನ್ರೀ ಹಿಟ್ಟು?" ಮನೆಗೆ ಬಂದು ಹೇಳಿದ್ದೇ ತಡ, ಹೆಂಡತಿ ಬಿದ್ದು ಬಿದ್ದು ನಕ್ಕಳು.

ಮೇಷ್ಟ್ರ ಕಣ್ಣು ಮಾತ್ರ ಹೊಳೆಯಿತು. "ಗುಜರಿಯವನು ಕೊಳ್ಳುವವನು, ಕಡಿಮೆ ತೋರಿಸ್ತಾನೆ. ತರಕಾರಿಯವಳು ಮಾರುವವಳು, ಜಾಸ್ತಿ ತೋರಿಸ್ತಾಳೆ. ಎರಡೂ ಸುಳ್ಳು ಕೂಡಿಸಿ ಅರ್ಧ ಮಾಡಿ, ನಿಜ ಸಿಗತ್ತೆ. ಲೋಟಕ್ಕೆ ನೂರಿಪ್ಪತ್ತೈದು! ಮುನ್ನೂರಕ್ಕೆ ಎರಡು ಲೋಟ, ಮೇಲೆ ಅರ್ಧಕ್ಕೆ ಒಂದು ಚೂರು ಕಮ್ಮಿ."

ಕೇಕು ಉಬ್ಬಿತು. ಎಷ್ಟು ಚೆಂದವಾಗಿ ಉಬ್ಬಿತೆಂದರೆ ಅದರ ಜೊತೆ ಇನ್ಸ್‌ಪೆಕ್ಟರ ಎದೆಯೂ ಉಬ್ಬಿತು.

ನಾಲ್ಕಕ್ಕೆ ಬಂದ ಸಾಹೇಬರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಹತ್ತಿ ಕಣ್ರೀ, ಹತ್ತಿ! ಇಂಥ ಅಚ್ಚುಕಟ್ಟಿನ ಮನುಷ್ಯನೇ ಮೇಲಿನ ಹುದ್ದೆಗೆ ಬೇಕು. ಅಳತೆ ಇಷ್ಟು ಕರಾರುವಾಕ್ಕಾಗಿ ಹೇಗೆ ಹಿಡಿದ್ರಿ?"

ಇನ್ಸ್‌ಪೆಕ್ಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ಅಷ್ಟರಲ್ಲಿ ಮೇಷ್ಟ್ರು, ಎರಡನೇ ತುಂಡು ಮುಗಿಸುತ್ತ, ಗುಜರಿಯಿಂದ ತರಕಾರಿಯವರೆಗಿನ ಲೆಕ್ಕವನ್ನು ಬಿಡಿಬಿಡಿಸಿ ವಿವರಿಸಿದರು.

ಸಾಹೇಬರ ಚಮಚ ಅರ್ಧದಾರಿಯಲ್ಲೇ ನಿಂತಿತು. "ಆ ಎರಡೂ ತಕ್ಕಡಿಗೆ ಈ ವರ್ಷದ ಸರ್ಕಾರಿ ಮುದ್ರೆ ಬಿದ್ದಿದೆಯೇ?"

ಬೆಳಗಿನಿಂದ ಗಂಡನನ್ನು ಆಡಿಕೊಂಡೇ ಇದ್ದ ಹೆಂಡತಿಗೆ, ಸಾಹೇಬರ ಮುಂದಾದರೂ ಒಂದು ಒಳ್ಳೆಯ ಮಾತು ಆಡಬೇಕೆನಿಸಿತು.

"ಬೀಳದೆ ಏನು ಸಾರ್! ತೂಕ-ಅಳತೆ ಇನ್ಸ್‌ಪೆಕ್ಟರು ಇದೇ ಬೀದೀಲಿರುವಾಗ! ನಮ್ಮ ಯಜಮಾನ್ರು ಕೈಯಾರೆ ಮುದ್ರೆ ಒತ್ತದ ಒಂದು ತಕ್ಕಡಿ ತೋರಿಸಿ ನೋಡೋಣ!"