ಮೂರು ಬೋಳು ಬಾಟಲಿಗಳು

ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಒಂದು ಅನುಕೂಲವಿದೆ: ಆಮೇಲೆ ಕಲಿತದ್ದೆಲ್ಲ ಸ್ವಂತದ್ದು ಎಂದು ಹೇಳಿಕೊಳ್ಳಬಹುದು. ಬೆಳಗಾವಿ ಕ್ಯಾಂಪಿನ ಕಡೆಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಖಾನಾಪುರದಿಂದ ಮೊದಲ ಬಸ್ಸಿಗೆ ಬಂದು ಬೀಗ ತೆಗೆಯುವವನು ನಾನೇ. ಆಲ್ಕೋಹಾಲಿನಲ್ಲಿ ಪ್ರೈಮರಿ, ಸೆಕೆಂಡರಿ, ಟರ್ಶಿಯರಿ ಎಂದು ಮೂರು ಜಾತಿ. ಕುಡಿಯಲಿಕ್ಕಲ್ಲ, ಪರೀಕ್ಷೆಗೆ. ಲ್ಯೂಕಾಸ್ ದ್ರಾವಣ ಹಾಕಿದರೆ ಟರ್ಶಿಯರಿ ಕೂಡಲೇ ಹಾಲಿನಂತೆ ಮಸುಕಾಗುತ್ತದೆ, ಸೆಕೆಂಡರಿ ಐದು ನಿಮಿಷ ಕಾಯಿಸುತ್ತದೆ, ಪ್ರೈಮರಿ ಹಾಗೇ ಕುಳಿತಿರುತ್ತದೆ. ಇದು ಪುಸ್ತಕದ ಮಾತು. ನಮ್ಮ ಲ್ಯಾಬಿನಲ್ಲಿ ಯಾಕೋ ಪುಸ್ತಕದಂತೆ ಆಗುತ್ತಿರಲಿಲ್ಲ. ಹುಡುಗರು ಟ್ಯೂಬು ಹಿಡಿದು ಹತ್ತು ನಿಮಿಷ ನಿಂತು, ಕಡೆಗೆ ನನ್ನತ್ತ ಹುಬ್ಬು ಏರಿಸುತ್ತಿದ್ದರು. ನಾನು ಬಾಟಲಿ ಮೂಸಿ ಕಿವಿಯಲ್ಲಿ ಹೇಳುತ್ತಿದ್ದೆ. ಮೂಗು ಒಮ್ಮೆಯೂ ತಪ್ಪಿರಲಿಲ್ಲ. ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆಯಿಲ್ಲ. ನನ್ನ ಹೆಂಡತಿ ಅಂಗಿ ಮೂಸಿ, "ಇವತ್ತ ಯಾವ ಜಾತೀದರೀ?" ಎನ್ನುತ್ತಾಳೆ.

ಈ ಸಲ ಹೊರಗಿನ ಪರೀಕ್ಷಕರು ಬರುತ್ತಾರೆಂದು ಹಿಂದಿನ ದಿನ ಬಾಟಲಿಗಳನ್ನೆಲ್ಲ ಸೋಪು ಹಚ್ಚಿ ತಿಕ್ಕಿದೆ. ಲೇಬಲ್ಲುಗಳೂ ಹೋದವು. ಗಾಬರಿಯಾಗಲಿಲ್ಲ, ಮೂಗಿತ್ತು. ಬೆಳಗ್ಗೆ ಎದ್ದರೆ ನೆಗಡಿ. ಮೂರೂ ಬಾಟಲಿಗೆ ಮೂಗಿಟ್ಟೆ, ಒಂದರಿಂದಲೂ ಸುದ್ದಿಯಿಲ್ಲ.

ಈ ವರ್ಷ ನಮ್ಮ ಲ್ಯಾಬಿಗೆ ಪಾಠಕ್ಕೆ ಬಂದ ಹೊಸ ಮೇಡಂ ಪಾರಿಶ್ವಾಡದ ಕಡೆಯವರು. ಮೂರು ಬೋಳು ಬಾಟಲಿ ನೋಡಿ, "ಕಾಕಾ, ಅರ್ಧಾ ತಾಸಿನ್ಯಾಗ ಯಾವ್ದು ಯಾವ್ದಂತ ಗೊತ್ತಾಗ್ಲಿಲ್ಲಂದ್ರ ಪರೀಕ್ಷಾ ಮುಂದಕ್ಕ ಹೋಗ್ತೈತಿ. ಯಾಕಂತ ಕೇಳಿದ್ರ ನಿಮ್ಮ ಹೆಸರ ಹೇಳಬೇಕಾಗ್ತೈತಿ" ಎಂದರು.

"ಹತ್ತೊಂಬತ್ತ ವರ್ಷ ನೋಡೇನ್ರಿ. ನಾನ ಟೆಸ್ಟ್ ಮಾಡ್ತೀನಿ, ನೀವು ಕುಂದರ್ರಿ" ಎಂದೆ.

ಟ್ಯೂಬು ತೊಳೆದೆ. ನನ್ನ ತೊಳೆಯುವಿಕೆ ಎಂದರೆ ಮೂರು ನೀರು, ಒಮ್ಮೆ ಜಾಡಿಸಿ ಸ್ಟ್ಯಾಂಡಿಗೆ. ತೊಳೆದದ್ದು ಹಸಿಯಾಗಿ ಕಾಣಬೇಕು. ಇಲ್ಲದಿದ್ದರೆ ತೊಳೆದಿದ್ದಾನೆಂದು ಯಾರು ನಂಬುತ್ತಾರೆ? ಆಲ್ಕೋಹಾಲು, ಅದರ ಮೇಲೆ ದ್ರಾವಣ. ಹತ್ತು ನಿಮಿಷ ಕಾದೆ. ಒಂದು ತುಸು ಮಸುಕಾದಂತೆ ಕಂಡಿತು; ಕನ್ನಡಕ ಒರೆಸಿದ ಮೇಲೆ ಅದೂ ಇಲ್ಲ. ಮೂರೂ ಪ್ರೈಮರಿಯಾಗಿ ಕುಳಿತಿದ್ದವು.

ಮೇಡಂ ಸ್ಟ್ಯಾಂಡಿನಿಂದ ಖಾಲಿ ಟ್ಯೂಬೊಂದನ್ನು ಎತ್ತಿ ಬೆಳಕಿಗೆ ಹಿಡಿದರು. "ತಳದಾಗ ನೀರ ಐತಲ್ರಿ ಕಾಕಾ. ನೀರ ಕೂಡಿದ್ರ ಈ ದ್ರಾವಣ ಸತ್ತಂಗ."

ಒಣಗಿಸಿದ ಟ್ಯೂಬುಗಳಲ್ಲಿ ಅವರೇ ಮತ್ತೆ ಹಾಕಿದರು. ಒಂದು ಕೂಡಲೇ ಹಾಲಾಯಿತು, ಒಂದು ಐದು ನಿಮಿಷಕ್ಕೆ, ಒಂದು ಸುಮ್ಮನಿತ್ತು. ಲೇಬಲ್ಲು ಅಂಟಿಸುತ್ತ, "ಹಿಂಗ ಹಸಿ ಟ್ಯೂಬ ಯಾವಾಗಿಂದ ಕೊಡಾಕ ಹತ್ತೀರಿ?" ಎಂದರು.

"ಮೊದಲಿಂದನ ರೀ" ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಪರೀಕ್ಷೆ ಹೊತ್ತಿಗೆ ಸರಿಯಾಗಿ ಶುರುವಾಯಿತು. ಹುಡುಗರು ಒಣ ಟ್ಯೂಬಿನಲ್ಲಿ ಹಾಕಿದರು, ನೋಡಿದರು, ಬರೆದರು. ಯಾರೂ ನನ್ನತ್ತ ತಿರುಗಲಿಲ್ಲ. ಇಷ್ಟು ವರ್ಷ ಅವರಿಗೆ ನನ್ನ ಮೂಗು ಬೇಕಾಗುವಂತೆ ಮಾಡಿದ್ದು ನನ್ನದೇ ನೀರು ಎಂಬುದು ಆಗ ತಿಳಿಯಿತು. ಆದರೂ ಸುಮ್ಮನಿರಲಾಗಲಿಲ್ಲ. ಕಡೆಯ ಮೇಜಿನ ಹುಡುಗಿಯ ಪಕ್ಕಕ್ಕೆ ಹೋಗಿ, ಅಂದಾಜಿನ ಮೇಲೆ, "ಸೆಕೆಂಡರಿ ಐತಿ ನೋಡವಾ" ಎಂದು ಪಿಸುಗುಟ್ಟಿದೆ.

ಅವಳು ತಲೆ ಎತ್ತಲಿಲ್ಲ. "ಇಲ್ರಿ ಕಾಕಾ, ಟರ್ಶಿಯರಿ. ನೀವು ತುಸು ಬೆಳಕ ಬಿಟ್ಟ ನಿಂದರ್ರಿ."

ಬೆಳಕು ಬಿಟ್ಟು ನಿಂತೆ.