ಮನೆತನ ಬಂತು, ಸೂರು ಹೋಯಿತು

ನಮ್ಮೂರ ಬಸ್ ಸ್ಟಾಪಿನ ಸೂರನ್ನು ಕೌನ್ಸಿಲ್‌ನವರು ಕಿತ್ತುಹಾಕಿದರು. ಮಾಡಿದ್ದು ತಪ್ಪು. ಅಮೆರಿಕದ ಒಂದು ರಾಜಕೀಯ ಮನೆತನದ ಫೋಟೊಗೆ ಅದು ಅಡ್ಡ ಬರುತ್ತಿತ್ತಂತೆ.

ಈ ಮನೆತನದ ಮೂಲಪುರುಷ ಹೊಟ್ಟೆಪಾಡಿಗೆ ಹಡಗು ಹತ್ತಿದ್ದು ಐರ್ಲೆಂಡಿನ ಸ್ಲೈಗೋ ಪಕ್ಕದ ಈ ಹಳ್ಳಿಯಿಂದ. ಅಮೆರಿಕದಲ್ಲಿ ಅವರ ಪೈಕಿ ತಲೆಮಾರಿಗೊಬ್ಬರು ಚುನಾವಣೆಗೆ ನಿಲ್ಲುತ್ತಾರೆ, ನಿಂತವರು ಇಲ್ಲಿಗೊಮ್ಮೆ ಬರುತ್ತಾರೆ. ಬಂದಾಗಲೆಲ್ಲ ಏನಾದರೊಂದು ಆಗುತ್ತದೆ. ನಾನು ಸ್ಲೈಗೋ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿಯುವ ಶಿವಾಜಿನಗರದವನು. ಕಾನೂನು ಕಲಿತದ್ದು ಕಾಲೇಜಿನಲ್ಲಲ್ಲ, ಇದೇ ಬಸ್ಸಿಗೆ ಕಾಯುತ್ತಾ, ಫೋನಿನಲ್ಲಿ.

ಅಜ್ಜನ ಕಪ್

ಎದುರುಮನೆ ಅಜ್ಜಿಯ ಅಡುಗೆಮನೆಯಲ್ಲಿ ಯೇಸುವಿನ ಪಟದ ಪಕ್ಕ ಆ ಮನೆತನದಿಂದ ಮೊದಲು ಬಂದುಹೋದ ಅಜ್ಜನ ಪಟ. ಕೆಳಗೆ ಕಪಾಟಿನಲ್ಲಿ ಅವನು ಟೀ ಕುಡಿದ ಕಪ್. ಆಮೇಲೆ ನೋಡಿದರೆ ಅಂಗಡಿಯವನ ಮನೆಯಲ್ಲೂ ಅಂಥದ್ದೇ ಕಪ್, ಪಾದ್ರಿ ಮನೆಯಲ್ಲೂ, ಊರಿಗೂರೇ ಕಪ್. ಒಬ್ಬ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಇಷ್ಟು ಕುಡಿದದ್ದು ಹೇಗೆ? ನನಗೆ ಕುತೂಹಲ. ಇಲ್ಲಿ ಟೀ ಬೇಡ ಅಂದರೆ ಯಾರೂ ನಂಬುವುದಿಲ್ಲ, ಕುಡಿಸಿಯೇ ಬಿಡುತ್ತಾರೆ. ಒಂದು ಮನೆಯಲ್ಲಿ ಕುಡಿದು ಪಕ್ಕದ ಮನೆಯಲ್ಲಿ ಬಿಟ್ಟರೆ ಸುದ್ದಿ ಅಮೆರಿಕದ ನೆಂಟರಿಗೆ ಹೋಗುತ್ತಿತ್ತು, ಓಟಿರುವುದು ಅವರಿಗೇ ಎಂದು ಅಜ್ಜಿ ಬಿಡಿಸಿ ಹೇಳಿದರು.

ಭಾಷಣ ಹೇಗಿತ್ತು ಅಂದೆ.

"ಭಾಷಣ ಎಲ್ಲಿಂದ ಬಂತು? ಅಷ್ಟೊತ್ತಿಗೆ ಪಾಪ ಟಾಯ್ಲೆಟ್ ಹುಡುಕ್ತಾ ಇದ್ದ."

ಮಗನ ಕಣ್ಣೀರು

ಆ ಅಮೆರಿಕದ ಅಜ್ಜನ ಮಗ ಬಂದವನು ಪೂರ್ವಿಕರ ಮನೆ ತೋರಿಸಿ ಅಂದ. ಆ ಮನೆ ಬಿದ್ದು, ಕಲ್ಲುಗಳೆಲ್ಲ ಯಾರ್ಯಾರದೋ ಬೇಲಿ ಸೇರಿದ್ದವು. ಅಷ್ಟು ದೂರದಿಂದ ಬಂದವನನ್ನು ಬರಿಗೈಲಿ ಕಳಿಸುವುದು ಹೇಗೆಂದು ಅಜ್ಜಿಯ ಗಂಡ ತಮ್ಮ ದನದ ಕೊಟ್ಟಿಗೆಯನ್ನೇ ತೋರಿಸಿದರು. ಮಗ ಗೋಡೆ ತಬ್ಬಿಕೊಂಡು ಅತ್ತ. ಮೂಗು ಮುಚ್ಚಿಕೊಂಡು, ಇದೇನು ವಾಸನೆ ಅಂತಲೂ ಕೇಳಿದ.

"ನಿಮ್ಮವರು ತುಂಬಾ ಬಡವರಿದ್ರು ಸಾರ್," ಅಂದರಂತೆ ಯಜಮಾನರು.

ಕೊಟ್ಟಿಗೆಗೆ ಫಲಕ ಬಿತ್ತು, ಸ್ಮಾರಕವಾಯಿತು. ಹಸುಗಳಿಗೆ ಪ್ರವೇಶ ನಿಷೇಧ. ತಮ್ಮ ಮನೆ ಮುಂದೆಯೇ ಅವು ಮಳೆಯಲ್ಲಿ ನಿಂತವು.

ಮೊಮ್ಮಗಳ ಟೀ

ಈ ವರ್ಷ ಮೊಮ್ಮಗಳ ಸರದಿ. ಕೊಟ್ಟಿಗೆಯ ಎದುರಿಗೇ ನಮ್ಮ ಬಸ್ ಸ್ಟಾಪ್. ಫೋಟೊ ಚೆನ್ನಾಗಿ ಬರಲಿ ಅಂತ ಸೂರು ಕಿತ್ತರು. ವಾಪಸ್ ಯಾವಾಗ ಅಂದರೆ ಕೌನ್ಸಿಲ್ ಅಧಿಕಾರಿ, "ಎಲ್ಲಾ ಗ್ರ್ಯಾಂಡ್ ಆಗುತ್ತೆ" ಅಂದ. ಇಲ್ಲಿನವರ ಗ್ರ್ಯಾಂಡ್ ಅಂದರೆ ಹೇಗೋ ಸರಿಹೋಗುತ್ತೆ ಅಂತ. ಅಜ್ಜಿ ಆ ಬಸ್ಸಿನಲ್ಲೇ ಡಯಾಲಿಸಿಸ್‌ಗೆ ಹೋಗಬೇಕು. ನೆನೆದು ನೆನೆದು ಕೆಮ್ಮು ಎದೆಗಿಳಿಯಿತು. ಡಾಕ್ಟರು ಇನ್ನು ನೆನೆಯಬೇಡಿ ಅಂದರು. ಹಾಗಂತ ಡಯಾಲಿಸಿಸ್ ಬಿಡೋಕಾಗುತ್ತಾ?

ಮೊಮ್ಮಗಳು ಬರುವ ದಿನಕ್ಕೆಂದು ನಾನು ಕಲಿತ ಕಾನೂನೆಲ್ಲ ಹಾಕಿ ಬ್ಯಾನರ್ ಬರೆದೆ. ಅದನ್ನ ಮಡಚಿಟ್ಟು ನನ್ನ ಮೇಜು ಹೊರು ಅಂದರು ಅಜ್ಜಿ. ಸೂರಿಲ್ಲದ ಸ್ಟಾಪಿನಲ್ಲಿ ಮೇಜು ಹಾಕಿ, ಅಜ್ಜನ ಕಪ್ ಇಟ್ಟು, ಮೊಮ್ಮಗಳನ್ನು ಕೂಗಿ ಟೀಗೆ ಕರೆದರು. ಕ್ಯಾಮೆರಾಗಳೆಲ್ಲ ತಿರುಗಿದವು. ಇನ್ನು ಬೇಡ ಅನ್ನುವುದು ಹೇಗೆ? ಮಳೆ ಹೊಡೆಯುತ್ತಿತ್ತು. ಅವಳು ಕುಡಿದಷ್ಟೂ ಕಪ್ ತುಂಬುತ್ತಿತ್ತು.

"ಆಸ್ಪತ್ರೆ ಬಸ್ಸಿಗೆ ನಾನು ಹಿಂಗೇ ಕಾಯೋದಮ್ಮ. ನಿನ್ನ ಫೋಟೊ ಚೆನ್ನಾಗಿ ಬಂತಾ?"

ಮೊಮ್ಮಗಳು ಅಧಿಕಾರಿಯ ಮುಖ ನೋಡಿದಳು. ಇಲ್ಲಿ ಖಂಡಿತ ಕಟ್ಟಿಸ್ತೀವಿ ಅಂದ. ಕಟ್ಟಿಸಿಯೂ ಬಿಟ್ಟ. ಏನು ಗೊತ್ತೇ? ಮೊಮ್ಮಗಳು ಇಲ್ಲಿ ಟೀ ಕುಡಿದಳು ಅನ್ನುವ ಫಲಕ. ಅಕ್ಷರ ನೆನೆಯದಿರಲಿ ಅಂತ ಅದಕ್ಕೊಂದು ಪುಟ್ಟ ಸೂರು.

ಅಜ್ಜಿ ಅದರಡಿ ನಿಂತು ನೋಡಿದರು. "ಪರವಾಗಿಲ್ಲ, ಮೂಗೊಂದು ಒಣಗೈತೆ."

ನಗಬೇಡಿ, ಬನ್ನಿ. ಸೋಮವಾರ ಬೆಳಿಗ್ಗೆ ಕಪ್ ಹಿಡಿದು ಆ ಫಲಕದ ಪಕ್ಕ ನಿಲ್ಲಿ. ಅಧಿಕಾರಿಯನ್ನು ಟೀಗೆ ಕರೆಯಿರಿ. ನಮ್ಮ ತಲೆ ಮೇಲೆ ಸೂರು ಬರುವವರೆಗೂ ಅವನ ಕಪ್ ಖಾಲಿಯಾಗಲು ಬಿಡಬೇಡಿ.