ಜರ್ದಾಳು ಕೇಕಿಗೆ ನಲವತ್ತು ನಿಮಿಷ ಇಪ್ಪತ್ತು ಸೆಕೆಂಡು

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ನಶ್ಯದ ಚಟ. ನನಗೆ ಎಣಿಸುವ ಚಟ. ಎಣಿಸಿದ್ದನ್ನು ತಾರೀಕು ಹಾಕಿ ಡೈರಿಯಲ್ಲಿ ಬರೆದಿಡದಿದ್ದರೆ ನನಗೆ ಅಂದಿನ ಊಟ ಕರಗುವುದಿಲ್ಲ. ಎಂಟನೆಯ ತರಗತಿಯಲ್ಲಿ ಶುರುವಾದ ಈ ಅಭ್ಯಾಸ, ಕಾಪುವಿನಿಂದ ಉಡುಪಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವ ಹೊತ್ತಿಗೆ ಕೈಮೀರಿತ್ತು. ಬಸ್ಸು ಎಷ್ಟು ದಿನ ತಡವಾಯಿತು, ಕಂಡಕ್ಟರ್ ಎಷ್ಟು ಸಲ “ಹಿಂದೆ ಹೋಗಿ” ಅಂದ, ಅಮ್ಮ ವಾರಕ್ಕೆ ಎಷ್ಟು ತೆಂಗಿನಕಾಯಿ ಒಡೆದರು, ಎಲ್ಲಕ್ಕೂ ನನ್ನಲ್ಲಿ ಪುಟವಿತ್ತು. ಅಪ್ಪ ಒಂದು ತಿಂಗಳಲ್ಲಿ ನಲವತ್ತಮೂರು ಸಲ “ನಾಳೆ ನೋಡುವ” ಎಂದಿದ್ದರು. ಅದರಲ್ಲಿ ನಿಜವಾಗಿ ನೋಡಿದ್ದು ಎರಡೇ ನಾಳೆಗಳನ್ನು. ಈ ಅಂಕಿಗಳನ್ನು ಒಮ್ಮೆ ಊಟದ ಹೊತ್ತಿಗೆ ಓದಿ ಹೇಳಿದೆ. ಅಪ್ಪ ಶಾಂತವಾಗಿ, “ನಿನ್ನ ಡೈರಿಯನ್ನು ಎಲ್ಲಿಡುವುದು ಅಂತ ನಾಳೆ ನೋಡುವ” ಎಂದರು. ನಲವತ್ತನಾಲ್ಕು.

ಇಂಥ ನನ್ನ ಕೈಗೆ ಎಂಬತ್ತರ ದಶಕದ ಆರಂಭದ ಒಂದು ಜನವರಿಯಲ್ಲಿ ಜರ್ದಾಳು ಹಣ್ಣಿನ ಪೊಟ್ಟಣ ಸಿಕ್ಕಿತು. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಗಲ್ಫಿನಿಂದ ಮೂರು ವರ್ಷಗಳ ಮೇಲೆ ಒಂದು ತಿಂಗಳ ರಜೆಯಲ್ಲಿ ಬಂದಿದ್ದರು. ಅವರ ಪೆಟ್ಟಿಗೆ ತೆರೆಯುವಾಗ ಮನೆಮಂದಿಯೆಲ್ಲ ಸುತ್ತ ಕುಳಿತಿದ್ದೆವು. ಅಮ್ಮನಿಗೆ ಸೀರೆ, ಅಪ್ಪನಿಗೆ ಟಾರ್ಚು, ಅಜ್ಜಿಗೆ ನೋವಿನ ಎಣ್ಣೆ, ನನಗೆ ಸೆಕೆಂಡಿನ ಮುಳ್ಳಿರುವ ಕೈಗಡಿಯಾರ. ಎಲ್ಲಕ್ಕಿಂತ ಕೆಳಗೆ, ಬನಿಯನ್ನುಗಳ ನಡುವೆ ಆ ಪೊಟ್ಟಣ. ಮಾವ ಅದನ್ನು ಅಲ್ಲಿಯ ಮಾತಿನಲ್ಲಿ ‘ಮಿಶ್‌ಮಿಶ್’ ಎಂದರು. ಕಿತ್ತಳೆ ಬಣ್ಣದ, ಬೀಜ ತೆಗೆದು ಒಣಗಿಸಿದ, ಮೆತ್ತಗಿನ ಹಣ್ಣು. ಅಜ್ಜಿ ಒಂದನ್ನು ಬೆಳಕಿಗೆ ಹಿಡಿದು ನೋಡಿ, “ಇದೆಂತ ಮಾರಾಯ, ಯಾರದೋ ಒಣಗಿದ ಕಿವಿಯ ಹಾಗೆ ಉಂಟು?” ಎಂದರು. ನಾನು ಎಣಿಸಿದೆ. ನೂರಹನ್ನೆರಡು. ಡೈರಿಯಲ್ಲಿ ಹೊಸ ಪುಟ ತೆರೆದು ಗೆರೆ ಎಳೆದೆ.

ಮೊದಲ ದಿನ ನೆರೆಮನೆಗಳಿಗೆ ಹಂಚಿದ್ದು, ಬಾಯಿಗೆ ಹಾಕಿ ನೋಡಿದ್ದು ಎಲ್ಲ ಸೇರಿ ಇಪ್ಪತ್ತು ಹೋಯಿತು. ಉಳಿದದ್ದನ್ನು ಎಂತ ಮಾಡುವುದೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಹೊಸ ಹಣ್ಣು ಕಂಡರೆ ಮೊದಲು ಅದನ್ನು ಗೊಜ್ಜು ಮಾಡಿ ಪಳಗಿಸುತ್ತಾರೆ. ಅಜ್ಜಿ ಹದಿನಾಲ್ಕನ್ನು ಬೇಯಿಸಿ, ಬೆಲ್ಲ, ಒಣಮೆಣಸು, ಹುರಿದ ಎಳ್ಳು ಹಾಕಿ ಗೊಜ್ಜು ಮಾಡಿದರು. ಚೆನ್ನಾಗಿಯೇ ಇತ್ತು. ಆ ಯಶಸ್ಸು ನೋಡಿ ಅಮ್ಮನಿಗೂ ಧೈರ್ಯ ಬಂತು. ಮರುದಿನ ಬಂಗುಡೆ ಸಾರಿಗೆ ಅಮಟೆಕಾಯಿ ಸಿಗಲಿಲ್ಲವೆಂದು ಹುಳಿಗೆ ಆರು ಜರ್ದಾಳು ಹಾಕಿದರು. ಅಪ್ಪ ಎರಡು ತುತ್ತು ಉಂಡು, “ಈ ಬಂಗುಡೆ ಯಾರದಾದರೂ ಮದುವೆಗೆ ಹೋಗಿ ಬಂದದ್ದಾ?” ಎಂದು ಕೇಳಿದರು. ಅಮ್ಮ ಸಾರಿನ ಪಾತ್ರೆಯನ್ನು ಅವರ ಎದುರಿನಿಂದ ಎತ್ತಿಕೊಂಡು ಹೋದರು. ಉಳಿದದ್ದು ಎಪ್ಪತ್ತೆರಡು.

ಆಗ ಮಾವ ಹೇಳಿದರು: “ಅಲ್ಲಿ ಒಮ್ಮೆ ನಮ್ಮ ಕಂಪೆನಿಯಲ್ಲಿ ಇದನ್ನು ಹಾಕಿದ ಕೇಕು ಕೊಟ್ಟಿದ್ದರು ಅಕ್ಕ. ನಿಮಗೆಲ್ಲ ಅದನ್ನು ತಿನ್ನಿಸಬೇಕು ಅಂತಲೇ ತಂದದ್ದು, ಮೀನಿಗೆ ಹಾಕ್ಲಿಕ್ಕೆ ಅಲ್ಲ.” ಕೇಕು ಎಂದ ಕೂಡಲೇ ನಮ್ಮ ಬೇಲಿಯಾಚೆಯ ಸೆವ್ರಿನ್ ಬಾಯಮ್ಮನ ನೆನಪು ಯಾರಿಗಾದರೂ ಬರಬೇಕು. ಬಾಯಮ್ಮ ವಿಧವೆ, ಮನೆಯಲ್ಲಿ ಒಬ್ಬರೇ. ಅವರ ಮಗ ವಿನ್ಸಿ ಮಾವನಿರುವ ಊರಿನಲ್ಲೇ ಬೇರೆ ಕಂಪೆನಿಯಲ್ಲಿದ್ದ. ನಾಲ್ಕು ವರ್ಷವಾಗಿತ್ತು, ಊರಿಗೆ ಬಂದಿರಲಿಲ್ಲ. ಪ್ರತಿ ಕಾಗದದಲ್ಲೂ ‘ಬರುವ ವರ್ಷ’ ಎಂದು ಬರೆಯುತ್ತಿದ್ದ. ಆ ಲೆಕ್ಕವೂ ನನ್ನಲ್ಲಿತ್ತು, ಆದರೆ ಅದನ್ನು ನಾನು ಯಾರಿಗೂ ಓದಿ ಹೇಳಲಿಲ್ಲ. ಬಾಯಮ್ಮ ದೂರು ಹೇಳುವವರಲ್ಲ. “ಅವನ ಮೂಗಿಗೆ ನನ್ನ ಅಡುಗೆಮನೆ ಮರೆತುಹೋಗಬಾರದು, ಅಷ್ಟೇ” ಎನ್ನುತ್ತಿದ್ದರು.

ಅವರ ಕೇಕು ಮಾಡುವ ಕ್ರಮ ಹೀಗೆ. ದೊಡ್ಡ ಅಲ್ಯುಮಿನಿಯಂ ಪಾತ್ರೆಯ ತಳಕ್ಕೆ ಹೊಯಿಗೆ, ಅಂದರೆ ಮರಳು, ಹರಡಿ ಕಾಯಿಸುವುದು. ಅದರೊಳಗೆ ಬಾಡಿಸಿದ ಬಾಳೆಲೆ ಹಾಸಿದ ಇನ್ನೊಂದು ಪಾತ್ರೆಯಲ್ಲಿ ಹಿಟ್ಟು. ಮೇಲೆ ತಗಡಿನ ಮುಚ್ಚಳ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ, ಅಂದರೆ ಗೆರಟೆಯ, ಕೆಂಡ. ಮೊಟ್ಟೆ, ಸಕ್ಕರೆ, ಬೆಣ್ಣೆ, ಮೈದಾ, ಬಿಸಿನೀರಿನಲ್ಲಿ ನೆನೆಸಿ ಹೆಚ್ಚಿದ ಹದಿನಾರು ಜರ್ದಾಳು. ಇಷ್ಟನ್ನೂ ನಾನು ಬರೆದುಕೊಂಡೆ. “ಎಷ್ಟು ಹೊತ್ತು ಬೇಯಬೇಕು ಬಾಯಮ್ಮ?” ಎಂದು ಪೆನ್ನು ಹಿಡಿದು ಕೇಳಿದರೆ, “ಒಂದು ತೇರ್ಸ್” ಎಂದರು. ತೇರ್ಸ್ ಎಂದರೆ ಅವರ ಜಪಮಾಲೆ. ಕೆಂಡ ಹಾಕಿದ ಮೇಲೆ ಮಣೆಯಲ್ಲಿ ಕೂತು ಮಣಿ ಎಣಿಸುತ್ತ ಕೊಂಕಣಿಯಲ್ಲಿ ಪ್ರಾರ್ಥನೆ ಶುರುಮಾಡಿದರೆ, ಅದು ಮುಗಿದಾಗ ಕೇಕು ಆಗಿರುತ್ತದೆ. ಡೈರಿಯಲ್ಲಿ ‘ಸಮಯ’ ಎಂಬ ಕಾಲಂನಲ್ಲಿ ‘ಒಂದು ತೇರ್ಸ್’ ಎಂದು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಹೊಸ ಗಡಿಯಾರವಿರುವುದು ಮತ್ತೇಕೆ?

ಮೊದಲ ಕೇಕು ಮಾವನಿಗಾಗಿ. ಬಾಯಮ್ಮ ಶಿಲುಬೆಯ ಗುರುತು ಮಾಡಿದ ಕ್ಷಣದಿಂದ, ಎದ್ದು ಮುಚ್ಚಳ ತೆಗೆದ ಕ್ಷಣದವರೆಗೆ ನಲವತ್ತೊಂದು ನಿಮಿಷ. ಎರಡನೆಯದು ಕಾರ್ಕಳದ ದೊಡ್ಡಮ್ಮನಿಗಾಗಿ, ಮೂವತ್ತಾರು ನಿಮಿಷ. ಮೂರನೆಯದು ಮೊದಲ ಎರಡರಲ್ಲಿ ತಮಗೆ ಸರಿಯಾದ ಪಾಲು ಸಿಗಲಿಲ್ಲವೆಂದ ಅಪ್ಪನಿಗಾಗಿ, ನಲವತ್ತನಾಲ್ಕು. ಮೂರೂ ಒಂದೇ ಹದ, ಒಂದೇ ಬಣ್ಣ. ಬೆಣ್ಣೆಯ ನಡುವೆ ಜರ್ದಾಳಿನ ಹುಳಿ ಸಿಹಿ. ಮಾವ ಕಣ್ಣು ಮುಚ್ಚಿ ತಿಂದು, “ಕಂಪೆನಿಯದ್ದು ಇದರ ಹತ್ತಿರವೂ ಬರುವುದಿಲ್ಲ” ಎಂದರು. ಒಂದೇ ಪ್ರಾರ್ಥನೆ ಮೂರು ದಿನ ಮೂರು ಬಗೆಯ ಉದ್ದವಾದದ್ದು ಏಕೆಂದು ಬೇರೆ ಯಾರಾದರೂ ಆಗಿದ್ದರೆ ಕೇಳುತ್ತಿದ್ದರು. ನಾನು ಕೇಳಲಿಲ್ಲ. ಕೊಂಕಣಿ ನನಗೆ ಬಾರದು, ನನ್ನ ಕಿವಿಗೆ ಮೊದಲಿನಿಂದ ಕೊನೆಯವರೆಗೆ ಅದು ಒಂದೇ ಹಾಗೆ ಕೇಳುತ್ತಿತ್ತು. ನಾನು ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ಸರಾಸರಿ ತೆಗೆದೆ: ನಲವತ್ತು ನಿಮಿಷ ಇಪ್ಪತ್ತು ಸೆಕೆಂಡು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ.

ಕೊನೆಯ ಕೇಕು ವಿನ್ಸಿಗೆ ಎಂದು ಬಾಯಮ್ಮ ಮೊದಲೇ ಹೇಳಿಟ್ಟಿದ್ದರು. ಮಾವ ಹೊರಡುವ ದಿನ ಬೆಳಿಗ್ಗೆ ಮಾಡಿ, ಸಂಜೆಯ ಬೊಂಬಾಯಿ ಬಸ್ಸಿಗೆ ಅವರ ಕೈಯಲ್ಲಿ ಕೊಡುವುದೆಂದು ನಿಶ್ಚಯ. ಲೆಕ್ಕದಂತೆ ಇಪ್ಪತ್ತನಾಲ್ಕು ಹಣ್ಣು ಇರಬೇಕಿತ್ತು, ಪೊಟ್ಟಣದಲ್ಲಿ ಹದಿನಾರೇ ಇದ್ದವು. ಉಳಿದ ಎಂಟರ ತನಿಖೆ ನಡೆಸಿದಾಗ ಅವು ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಸಿಕ್ಕಿದವು. “ಹಲ್ಲಿಲ್ಲದವರಿಗೆ ಒಳ್ಳೆದುಂಟು” ಎಂದರು, ಒಣಗಿದ ಕಿವಿ ಎಂದಿದ್ದ ಅದೇ ಅಜ್ಜಿ. ಹದಿನಾರು ಸಾಕಿತ್ತು, ಬಿಟ್ಟೆ.

ಆದರೆ ಹೊರಡುವ ದಿನ ಬೆಳಗ್ಗೆ ಶಂಕರಪುರದಿಂದ ಸುದ್ದಿ ಬಂತು. ಬಾಯಮ್ಮನ ಚಿಕ್ಕಮ್ಮ, ತೊಂಬತ್ತು ದಾಟಿದವರು, ತೀರಿಕೊಂಡಿದ್ದರು. ಬಾಯಮ್ಮ ಕಪ್ಪು ಸೀರೆಯುಟ್ಟು ನಮ್ಮ ಜಗಲಿಗೆ ಬಂದರು. “ನಾನು ನಾಲ್ಕು ಗಂಟೆಗೆ ವಾಪಸ್ ಬರ್ತೇನೆ. ಕೇಕು ನೀನು ಮಾಡು ಮಗಾ. ನೀನು ಎಲ್ಲ ಬರೆದಿದ್ದೀಯಲ್ಲ?” ಎಂದರು. ನಾನು ಡೈರಿ ಎತ್ತಿ ತೋರಿಸಿ, “ಸೆಕೆಂಡಿನವರೆಗೆ ಬರೆದಿದ್ದೇನೆ ಬಾಯಮ್ಮ” ಎಂದೆ. ಅವರು ಹೋಗುವಾಗ ತಿರುಗಿ, “ಒಂದು ಮಾತು. ವಿನ್ಸಿಗೆ ನಾನೇ ಮಾಡಿದ್ದು ಅಂತ ಇರ್ಲಿ” ಎಂದರು.

ಹೊಯಿಗೆ, ಬಾಳೆಲೆ, ಹಿಟ್ಟು, ಎಲ್ಲ ಅವರದ್ದೇ ಕ್ರಮ. ಗೆರಟೆ ಮಾತ್ರ ನಮ್ಮ ಅಟ್ಟದಿಂದ ಇಳಿಸಿದ್ದು, ಚೆನ್ನಾಗಿ ಒಣಗಿದ್ದು. ಕೆಂಡ ಬೆಳ್ಳಗೆ ಹೊಳೆಯುತ್ತಿತ್ತು. ನಾನು ಗಡಿಯಾರ ಬಿಚ್ಚಿ ಎದುರಿಗಿಟ್ಟು ಕುಳಿತೆ. ಇಪ್ಪತ್ತೆಂಟನೆಯ ನಿಮಿಷಕ್ಕೆ ಪರಿಮಳ ಬಂತು. ‘ಪರಿಮಳ’ ಎಂದು ಬರೆದುಕೊಂಡೆ. ಮೂವತ್ತನಾಲ್ಕನೆಯ ನಿಮಿಷಕ್ಕೆ ಜಗಲಿಯಿಂದ ಅಜ್ಜಿ ಕೂಗಿದರು.

“ಕರಿ ವಾಸನೆ ಬರ್ತಾ ಉಂಟು.”

“ಇನ್ನೂ ಆರು ನಿಮಿಷ ಉಂಟು ಅಜ್ಜಿ.”

“ನಿಮಿಷ ಇರಬಹುದು ಮಾರಾಯ್ತಿ, ಕೇಕು ಉಂಟಾ ನೋಡು.”

ನಾನು ನೋಡಲಿಲ್ಲ. ನಲವತ್ತು ನಿಮಿಷ ಇಪ್ಪತ್ತು ಸೆಕೆಂಡಿಗೆ ಸರಿಯಾಗಿ ಮುಚ್ಚಳ ತೆಗೆದೆ. ಒಳಗಿದ್ದದ್ದು ದೋಣಿಯ ಅಡಿಗೆ ಬಳಿಯುವ ಡಾಂಬರಿನ ಬಣ್ಣದ್ದು. ಇನ್ನೊಂದು ಕೇಕಿಗೆ ಸಾಲುವಷ್ಟು ಹಣ್ಣು ಇರಲಿಲ್ಲ, ಇನ್ನೊಂದು ದಿನವೂ ಇರಲಿಲ್ಲ. ನಾಲ್ಕು ವರ್ಷದಿಂದ ಮಗನ ಮುಖ ನೋಡದ ಹೆಂಗಸು ಒಂದೇ ಒಂದು ಕೆಲಸ ಒಪ್ಪಿಸಿ ಹೋಗಿದ್ದರು. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಎಷ್ಟು ಹೊತ್ತು ಎಂದು ಮಾತ್ರ ಡೈರಿಯಲ್ಲಿಲ್ಲ.

ಬಾಯಮ್ಮ ನಾಲ್ಕೂಕಾಲಿಗೆ ಬಂದರು. ಕೇಕನ್ನು ನೋಡಿದರು, ನನ್ನನ್ನು ನೋಡಿದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೆರೆಮಣೆ ಕೊಡು” ಎಂದರು. ತೆಂಗಿನಕಾಯಿ ಹೆರೆಯುವಂತೆ ಕೇಕಿನ ಕಪ್ಪನ್ನೆಲ್ಲ ಸುತ್ತಲೂ ಹೆರೆದರು. ಊಟದ ತಟ್ಟೆಯಷ್ಟಗಲ ಇದ್ದದ್ದು ಕೊನೆಗೆ ಒಂದು ಸಣ್ಣ ತೆಂಗಿನಕಾಯಿಯಷ್ಟಾಯಿತು. ಒಳಗೆ ಅಲ್ಲಲ್ಲಿ ಜರ್ದಾಳಿನ ಕಿತ್ತಳೆ ಬಣ್ಣ ಕಾಣುತ್ತಿತ್ತು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮಾವನ ಕೈಗಿಟ್ಟರು. ಹೆದ್ದಾರಿಯಲ್ಲಿ ಬಸ್ಸು ಹತ್ತುವಾಗ ಮಾವನಿಂದ ನಾನು ಆಣೆ ತೆಗೆದುಕೊಂಡೆ, ನಾನು ಮಾಡಿದ್ದೆಂದು ಹೇಳುವುದಿಲ್ಲವೆಂದು. “ಇದನ್ನು ನೀನು ಮಾಡಿದ್ದು ಅಂತ ನಾನೇಕೆ ಹೇಳ್ಲಿ? ನಮ್ಮ ಮನೆಯ ಮರ್ಯಾದೆ ಉಂಟಲ್ವಾ?” ಎಂದರು.

ಮುಂದಿನ ಕೆಲವು ವಾರ ನಾನು ಬೇಲಿಯ ಆ ಬದಿಗೆ ಹೆಚ್ಚು ಹೋಗಲಿಲ್ಲ. ಮಾರ್ಚಿನಲ್ಲಿ ಒಂದು ದಿನ ಬಾಯಮ್ಮನೇ ಕರೆದರು. ವಿನ್ಸಿಯ ಕಾಗದ ಬಂದಿತ್ತು, ಅವರ ಕನ್ನಡಕದ ಕಾಲು ಮುರಿದಿತ್ತು. ಕಾಗದ ಕೊಂಕಣಿ, ಅಕ್ಷರ ಕನ್ನಡ. ನನಗೆ ಓದಲು ಬರುತ್ತಿತ್ತು, ಬಾಯಮ್ಮನಿಗೆ ಅರ್ಥವಾಗುತ್ತಿತ್ತು. ಇಬ್ಬರೂ ಸೇರಿದರೆ ಒಬ್ಬರು ಓದುವವರು. ಏನೆಂದು ತಿಳಿಯದೆ ನಾನು ಓದುತ್ತ ಹೋದೆ. ಅರ್ಧಕ್ಕೆ ಬಂದಾಗ ಬಾಯಮ್ಮ ನಗಲು ಶುರುಮಾಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಎಂತ ಬರೆದಿದ್ದಾನೆ ಬಾಯಮ್ಮ?”

“ಕೇಕು ಸಿಕ್ಕಿತಂತೆ. ಸುತ್ತ ಹೆರೆದದ್ದು ಗೊತ್ತಾಯಿತಂತೆ. ‘ಯಾರು ತೀರಿಕೊಂಡರಮ್ಮ? ಇಷ್ಟು ಉದ್ದ ಪ್ರಾರ್ಥನೆ ಮಾಡಿದ್ದೀಯಲ್ಲ?’ ಅಂತ ಕೇಳಿದ್ದಾನೆ.”

ನನಗೆ ಏನೂ ಅರ್ಥವಾಗಲಿಲ್ಲ. ಆಗ ಅವರು ಬಿಡಿಸಿ ಹೇಳಿದರು. ತೇರ್ಸ್ ಮುಗಿಯಲು ಇಪ್ಪತ್ತು ನಿಮಿಷ ಸಾಕು. ಅದಾದ ಮೇಲೆ ತೀರಿಕೊಂಡವರಿಗೆ ತಲಾ ಒಂದು ‘ನಮಾನ್ ಮರಿಯೆ’, ಮರಿಯಮ್ಮನಿಗೆ ಹೇಳುವ ಸಣ್ಣ ಪ್ರಾರ್ಥನೆ. ಗಂಡ, ಅಪ್ಪ, ಅಮ್ಮ, ಅಕ್ಕ, ಹೀಗೆ. ಕೇಕಿನ ಪರಿಮಳ ಬರುವವರೆಗೆ ಒಬ್ಬೊಬ್ಬರನ್ನೇ ಸೇರಿಸುತ್ತ ಹೋಗುವುದು, ಪರಿಮಳ ಬಂದ ಕೂಡಲೇ ಆಮೆನ್ ಹೇಳಿ ಏಳುವುದು. “ಮೂರನೇ ಕೇಕಿನ ದಿನ ಗೆರಟೆ ಒದ್ದೆಯಿತ್ತು ಮಗಾ. ಜನ ಸಾಲದೆ ನನ್ನ ಗಂಡನ ಅಣ್ಣನವರೆಗೆ ಹೋಗಬೇಕಾಯ್ತು. ಜಾಗದ ತಕರಾರು ಆದಮೇಲೆ ಅವನಿಗೆ ನಾನು ಪ್ರಾರ್ಥನೆ ಮಾಡಿದ್ದೇ ಇಲ್ಲ.” ನಾನು ಸರಾಸರಿ ತೆಗೆದದ್ದು ಬಾಯಮ್ಮನ ಬಂಧುಬಳಗದಲ್ಲಿ ಸತ್ತವರದ್ದು.

ಕಾಗದದಲ್ಲಿ ಇನ್ನೂ ಇತ್ತು. ಅಮ್ಮನ ಮೂಗಿಗೆ ವಾಸನೆ ತಿಳಿಯುವುದಿಲ್ಲವೇ, ವಯಸ್ಸಾಯಿತೇ, ಒಬ್ಬಳೇ ಒಲೆಯ ಮುಂದೆ ಕೂತು ಏನಾದರೂ ಆದರೆ ಎಂದು ಅವನಿಗೆ ಚಿಂತೆ ಹತ್ತಿತ್ತು. ಮ್ಯಾನೇಜರನ ಕಾಲು ಹಿಡಿದು ರಜೆ ತೆಗೆದುಕೊಂಡಿದ್ದ. ಈಸ್ಟರ್ ಹಬ್ಬಕ್ಕೆ ಬರುತ್ತಾನೆ. ನನ್ನ ಮನಸ್ಸು ಚುಚ್ಚಿತು. “ಸುಟ್ಟದ್ದು ನಾನು ಅಂತ ಬರೆದುಬಿಡುವ ಬಾಯಮ್ಮ” ಎಂದೆ. ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿ ರವಿಕೆಯೊಳಗೆ ಇಟ್ಟುಕೊಂಡರು.

“ಈಸ್ಟರ್ ಆಗ್ಲಿ ಮಗಾ. ಆಮೇಲೆ ಬರೆಯುವ.”

ವಿನ್ಸಿ ಬಂದ, ಹದಿನೆಂಟು ದಿನ ಇದ್ದ. ಎಣಿಸಿದ್ದು ನಾನೊಬ್ಬಳೇ ಅಲ್ಲ.

ಈಗ ನಾನು ಮದುವೆಯಾಗಿ ಕಾರ್ಕಳದಲ್ಲಿದ್ದೇನೆ. ಮಾವ ರಜೆಯಲ್ಲಿ ಬಂದಾಗಲೆಲ್ಲ ಒಂದು ಪೊಟ್ಟಣ ಜರ್ದಾಳು ತಪ್ಪುವುದಿಲ್ಲ. ಮಣಿಪಾಲದ ಅಂಗಡಿಯಲ್ಲಿ ಗಂಟೆ ಬಾರಿಸುವ ಕರೆಂಟಿನ ಒಲೆ ನೋಡಿ ಬಂದೆವು, ಕೊಳ್ಳಲಿಲ್ಲ. ಹೊಯಿಗೆ, ಗೆರಟೆಯ ಕೆಂಡವೇ ಸಾಕು. ನನಗೆ ತೇರ್ಸ್ ಬಾರದು, ಆದ್ದರಿಂದ ಕೆಂಡ ಹಾಕಿ ಮಣೆಯಲ್ಲಿ ಕೂತು ನನ್ನ ಕಡೆಯ ಹೋದವರನ್ನು ಒಬ್ಬೊಬ್ಬರಾಗಿ ನೆನೆಯುತ್ತೇನೆ, ಅವರು ಆಡಿದ ಒಂದೆರಡು ಮಾತಿನೊಡನೆ. ಅತ್ತೆ ಹೊರಗಿನಿಂದ, “ಆಯ್ತಾ ನಿನ್ನ ಕೇಕು?” ಎಂದು ಕೇಳುತ್ತಾರೆ. “ಇನ್ನು ಇಬ್ಬರು ಬಾಕಿ ಅತ್ತೆ” ಎನ್ನುತ್ತೇನೆ. ಅವರು ಇದುವರೆಗೆ ಯಾರೆಂದು ಕೇಳಿಲ್ಲ, ತಿನ್ನಲು ಬರುವವರೆಂದು ತಿಳಿದಿರಬೇಕು. ಎಲ್ಲರಿಗಿಂತ ಕೊನೆಗೆ ಅಜ್ಜಿ ಬರುತ್ತಾರೆ, ಎಲೆಯಡಿಕೆ ಡಬ್ಬಿ ಹಿಡಿದುಕೊಂಡು. ಅವರು ‘ಕರಿ ವಾಸನೆ’ ಎನ್ನಲು ಬಾಯಿ ತೆರೆಯುವ ಮೊದಲೇ ನಾನು ಗಡಿಯಾರ ನೋಡದೆ ಎದ್ದು ಮುಚ್ಚಳ ತೆಗೆಯುತ್ತೇನೆ. ಇದುವರೆಗೆ ಒಂದೂ ಸುಟ್ಟಿಲ್ಲ.

ಮುಚ್ಚಳ ತೆಗೆದ ಮೇಲೆ ಗಡಿಯಾರ ನೋಡುತ್ತೇನೆ, ಸುಳ್ಳು ಹೇಳುವುದಿಲ್ಲ. ಹನ್ನೊಂದು ಕೇಕುಗಳ ಸರಾಸರಿ ಮೂವತ್ತೆಂಟು ನಿಮಿಷ ಹತ್ತು ಸೆಕೆಂಡು. ಕೆಂಪು ಗೆರೆ ಮಾತ್ರ ಎಳೆದಿಲ್ಲ.